ಮಾಸ್‌ಗೇಟ್ ದಾರಿಯ ಪಾಳಿ

"ಈ ಟೈ ಕಟ್ಕೊಂಡ್ರೆ ಐಸ್‌ಕ್ರೀಂ ಮಾರೋನ ಹಾಗೆ ಕಾಣ್ತೀನಲ್ವಾ?" ಆಲ್ವಿನ್ ಥ್ಯಾಕ್ರೆ ಹೊಸ ಸಮವಸ್ತ್ರದ ನೇರಳೆ ಟೈಯನ್ನು ಗಲ್ಲದ ಕೆಳಗೆ ಹಿಡಿದು ಕೇಳಿದ. ನುವಾಲಾ ಬರ್ಕೆಟ್ ನಗಲಿಲ್ಲ. ಅವಳ ಕಣ್ಣು ಕಂಪ್ಯೂಟರಿನ ಪರದೆಯ ಮೇಲಿತ್ತು.

ರೈಲು ಓಡಿಸುವ ಹಳೆಯ ಕಂಪನಿಯ ಗುತ್ತಿಗೆ ನಿನ್ನೆಗೆ ಮುಗಿದು, ಹೊಸ ಕಂಪನಿ ಬಂದಿತ್ತು. ರೈಲುಗಳು ಅವೇ, ಚಾಲಕರು ಅವರೇ. ಬದಲಾದದ್ದು ಬಣ್ಣ, ಮತ್ತು ಪಾಳಿ ಹಾಕುವವರು. ಹದಿನಾರು ವರ್ಷ ಈ ಡಿಪೋದ ಚಾಲಕರ ಪಾಳಿಯನ್ನು ನುವಾಲಾ ತಾನೇ ಬರೆದಿದ್ದಳು. ಇನ್ನು ಅದು ಮುಖ್ಯ ಕಚೇರಿಯಿಂದ ಬರುತ್ತದೆ. ಇವತ್ತಿನ ಮೊದಲ ಪಟ್ಟಿಯಲ್ಲಿ ಆಲ್ವಿನ್‌ಗೆ ಸಿಕ್ಕಿದ್ದು ಎಂಟೂ ಹದಿನಾಲ್ಕರ ಮಾಸ್‌ಗೇಟ್ ರೈಲು.

ಮಾಸ್‌ಗೇಟಿಗೆ ಮೊದಲು, ಹೊಲಗಳ ನಡುವೆ, ಜನ ನಡೆದು ಹಳಿ ದಾಟುವ ಜಾಗವಿದೆ. ನಾಲ್ಕು ವರ್ಷದ ಹಿಂದೆ ಅಲ್ಲಿ ಅವನ ಮಗಳು ಟೆಸ್ ಬೇರೊಬ್ಬ ಚಾಲಕನ ರೈಲಿಗೆ ಸಿಕ್ಕಿ ಸತ್ತಿದ್ದಳು. ಆಮೇಲೆ ನುವಾಲಾ ಅವನನ್ನು ಆ ದಾರಿಗೆ ಒಂದು ದಿನವೂ ಹಾಕಲಿಲ್ಲ. ಆ ದಾರಿ ಗೊತ್ತಿದೆ, ಓಡಿಸಬಲ್ಲೆ ಎಂಬ ಕಾಗದಕ್ಕೆ ಅವನು ವರ್ಷವರ್ಷ ಸಹಿ ಹಾಕುತ್ತಿದ್ದ. ಅವಳು ಸುಮ್ಮನೆ ಕಡತಕ್ಕೆ ಸೇರಿಸುತ್ತಿದ್ದಳು. ಆ ದಾರಿ ಅವನಿಂದ ಆಗದು ಎಂದು ಬರೆದರೆ ಅವನ ಕೆಲಸ ಹೋಗುತ್ತದೆಂದು ಎಲ್ಲೂ ಏನನ್ನೂ ಬರೆದಿರಲಿಲ್ಲ.

"ಆ ರೈಲು ಬೇರೆಯವರಿಗೆ ಹಾಕು," ಎಂದ ಆಲ್ವಿನ್. ಟೈ ಕೈಯಲ್ಲೇ ಉಳಿದಿತ್ತು.

"ಬೆಳಗ್ಗೆಯಿಂದ ಮುಖ್ಯ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಕಾರಣ ಬರೆದು ಕಳ್ಸಿ ಅಂತಾರೆ."

"ಬರೆದ್ರೆ?"

"ನಿನ್ನನ್ನ ಗಾಡಿಯಿಂದ ಇಳಿಸ್ತಾರೆ. ಮತ್ತೆ ಹತ್ತಿಸ್ತಾರೋ ಇಲ್ವೋ ಹೇಳಕ್ಕಾಗಲ್ಲ."

"ಮನೇಲಿ ಕೂತು ಏನ್ ಮಾಡ್ಲಿ ಮಾರಾಯ್ತಿ? ಅವಳ ಕೋಣೆ ಬಾಗಿಲು ನೋಡ್ತಾ ಇರ್ಲಾ? ಗಾಡಿ ಓಡಿಸ್ತಾ ಇದ್ರೆ ಮನುಷ್ಯನ ಥರ ಇರ್ತೀನಿ."

"ಬೇಡ ಆಲ್ವಿನ್. ಹೊಟ್ಟೆ ನೋವು ಅಂತ ಹೇಳು."

"ಇವತ್ತು ಹೊಟ್ಟೆ ನೋವು. ನಾಳೆ?"

ಅವನು ಹೊರಟುಹೋದ. ಮತ್ತೆ ಫೋನಿಗೆ ಕೈಹಾಕಿದ ನುವಾಲಾ ಅದನ್ನು ಅಲ್ಲೇ ಇಟ್ಟು, ಕೋಟು ಕೂಡ ಹಾಕಿಕೊಳ್ಳದೆ ಓಡಿ, ಅದೇ ರೈಲಿನ ಮೊದಲ ಡಬ್ಬಿ ಹತ್ತಿದಳು.

ಮೂರು ನಿಲ್ದಾಣ ಸರಿಯಾಗಿಯೇ ದಾಟಿದವು. ಆಮೇಲೆ ಹೊಲಗಳು ಬಂದವು. ಸೀಟಿ ಹಾಕಬೇಕಾದ ಜಾಗದ ಫಲಕ ಕಂಡಿತು, ರೈಲು ಸೀಟಿ ಹಾಕಿತು. ನಿಲ್ಲಲೇ ಇಲ್ಲ ಆ ಸೀಟಿ. ಕೂಗುತ್ತಲೇ ರೈಲು ನಿಧಾನವಾಗಿ, ಕೊನೆಗೆ ನಿಂತೇಬಿಟ್ಟಿತು.

"ಹೊಸ ಕಂಪನಿಯಂತೆ! ಮೊದಲ್ನೇ ದಿನಾನೇ ಶುರು ಹಚ್ಕೊಂಡ್ರು," ಎದುರಿನ ಹೆಂಗಸು ಗೊಣಗಿದಳು.

ನುವಾಲಾ ಚಾಲಕನ ಕೋಣೆಯ ಬಾಗಿಲು ತಟ್ಟಿದಳು. "ಆಲ್ವಿನ್. ನಾನು."

ಸೀಟಿ ನಿಂತಿತು. ಒಳಗಿನಿಂದ ಅವನ ಧ್ವನಿ ಬಂತು: "ಕಾರಣ ಬರೆದ್ಬಿಡು, ನುವಾಲಾ."

ಅವಳು ಬಾಗಿಲಿಗೆ ಅಂಗೈ ಒತ್ತಿ ನಿಂತಳು. ಕಿಟಕಿಯಾಚೆ, ಮುಂದೆ ಜನ ಹಳಿ ದಾಟುವ ಜಾಗದ ಪುಟ್ಟ ಗೇಟಿನ ಹತ್ತಿರ, ನಾಯಿ ಹಿಡಿದಿದ್ದ ಮುದುಕನೊಬ್ಬ ರೈಲು ಹೋಗಲೆಂದು ಕಾಯುತ್ತಿದ್ದ.