ಏಳು ಜೊತೆ ಚಪ್ಪಲಿ

ಹೊಲಿಗೆ ಅಂಗಡಿಯಲ್ಲಿ ಅವಳು ಮೇಡಂ. ಕತ್ತರಿ ಕೈಗೆತ್ತಿಕೊಂಡಳೆಂದರೆ ಇಬ್ಬರು ಕೆಲಸದವರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಆದರೆ ಅಣ್ಣನ ಕಾರು ಹತ್ತಿ ಅಪ್ಪನ ಊರಿನ ದಾರಿ ಹಿಡಿದರೆ ಸಾಕು, ನಲವತ್ತೆರಡು ವರ್ಷದ ಆ ಹೆಂಗಸು ಮತ್ತೆ ಮುಳುಗಮ್ಮ ಆಗಿಬಿಡುತ್ತಾಳೆ. ಆ ಹೆಸರಿಟ್ಟವನು ಅಣ್ಣ. ಮೂವತ್ತಮೂರು ವರ್ಷದಿಂದ ಅದನ್ನು ಉಜ್ಜಿ ಉಜ್ಜಿ ಹೊಳಪು ಕೊಡುತ್ತ ಬಂದವನೂ ಅವನೇ.

ವರ್ಷಕ್ಕೊಮ್ಮೆ ಎಲ್ಲರೂ ಊರಿಗೆ ಹೋಗಿ, ದೊಡ್ಡಪ್ಪನ ಮಗನ ಮನೆಯಲ್ಲಿ ಊಟ ಮುಗಿಸಿ, ನದಿಯವರೆಗೆ ನಡೆಯಬೇಕು. ಮುಂದೆ ಅಣ್ಣ, ಅವನ ಬೆನ್ನಿಗೆ ಅವನ ಇಬ್ಬರು ಗಂಡುಮಕ್ಕಳು, ಆಮೇಲೆ ಅತ್ತಿಗೆ, ಅಮ್ಮ. ಕೊನೆಯಲ್ಲಿ ಇವಳು ಮತ್ತು ಇವಳ ಹನ್ನೊಂದು ವರ್ಷದ ಮಗಳು. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಊರವರ ಕೆಮ್ಮು ನೆಗಡಿ ಕೇಳುವ ಅಣ್ಣನಿಗೆ ಅವತ್ತೊಂದು ದಿನ ತನ್ನ ಮಾತು ಕೇಳುವವರು ಸಿಗುತ್ತಾರೆ. ಮುರಿದ ಗೋಡೆ ಕಂಡರೂ ನಿಂತು ಒಂದು ಕತೆ ಹೇಳುತ್ತಾನೆ.

ಈ ಸಲ ಇವಳು ಬಂದದ್ದು ಮಗಳಿಗಾಗಿ. ಶಾಲೆಯಲ್ಲಿ ಈಜು ಕಲಿಸುತ್ತಾರೆ, ಸೋಮವಾರ ಒಪ್ಪಿಗೆ ಚೀಟಿ ಕೊಡಬೇಕು. ಇವಳು ಸಹಿ ಹಾಕಿಯೇ ಕೊಟ್ಟಿದ್ದಳು. ಮಗಳು ಅದನ್ನು ಮಡಚಿ ತಾಯಿಯ ಚೀಲಕ್ಕೇ ತುರುಕಿದ್ದಳು.

"ನಮ್ಮ ಮನೆ ಹೆಣ್ಣುಮಕ್ಕಳಿಗೆ ನೀರು ಆಗಿಬರಲ್ವಂತೆ. ಮಾವ ಹೇಳಿದ್ರು," ಎಂದಿದ್ದಳು.

ನದಿಯಲ್ಲಿ ಒಮ್ಮೆ ಕಾಲಿಟ್ಟರೆ ಹೆದರಿಕೆ ಬಿಟ್ಟೀತು ಎಂದು ಇವಳ ಲೆಕ್ಕಾಚಾರ.

ದಡ ಬಂತು. ಯಾವ ಕಾಲದಲ್ಲೋ ಒಂದು ನಾಯಿ ಅಪ್ಪನ ಚಪ್ಪಲಿ ಕಚ್ಚಿಕೊಂಡು ಹೋಗಿತ್ತಂತೆ. ಅಂದಿನಿಂದ ಈ ಮನೆಯವರ ಚಪ್ಪಲಿಗೆ ಕಾವಲು ಬೇಕು, ನೀರಿಗಿಳಿಯದ ಮುಳುಗಮ್ಮನೇ ಆ ಕಾವಲು. ಯಾರೂ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ಬಂದವರು ಬಂದ ಹಾಗೆ ಇವಳ ಮುಂದೆ ಬಿಟ್ಟು ಹೋಗುತ್ತಾರೆ.

ಅಣ್ಣ ಟೋಪಿ ಸರಿಮಾಡಿಕೊಂಡು ಶುರುಮಾಡಿದ. "ನೋಡ್ರೋ, ಆ ಬಂಡೆ ಹತ್ರಾನೇ ನಿಮ್ಮತ್ತೆ ಮುಳುಗಿದ್ದು. ನಾನು ಹಿಂದೆ ಮುಂದೆ ನೋಡ್ಲಿಲ್ಲ, ಹಾರಿಬಿಟ್ಟೆ. ಇಲ್ಲದಿದ್ರೆ ಇವತ್ತು ನಿಮಗೆ ಅತ್ತೇನೇ ಇರ್ತಿರಲಿಲ್ಲ."

ಸುಳ್ಳು. ಅಪ್ಪಟ ಸುಳ್ಳು. ಬಂಡೆ ದಾಟಬೇಡಿ ಎಂದು ಅಪ್ಪ ಎಚ್ಚರಿಸಿದ್ದರೂ ದಾಟಿದವನು ಹನ್ನೆರಡು ವರ್ಷದ ಅಣ್ಣ. ಮುಳುಗಿದವನೂ ಅವನೇ. ಒಂಬತ್ತು ವರ್ಷದ ಇವಳು ಈಜಿ ಹೋಗಿ, ಕೈಗೆ ಸಿಕ್ಕಿದ ಅವನ ಕೂದಲು ಹಿಡಿದು ದಡಕ್ಕೆಳೆದಳು. "ಅಪ್ಪನಿಗೆ ಹೇಳ್ಬೇಡ, ನನ್ನ ಚರ್ಮ ಸುಲೀತಾರೆ," ಎಂದು ಅವನು ಅತ್ತ. ಇವಳು ಮಾತು ಕೊಟ್ಟಳು. ಆ ಭೂಪ ಇವಳಿಗಿಂತ ಮೊದಲು ಮನೆಗೆ ಓಡಿ ಕತೆಯನ್ನೇ ತಿರುವಿ ಹಾಕಿದ. ಅಪ್ಪ ಅವನ ಬೆನ್ನು ತಟ್ಟಿದರು. ಇವಳಿಗೆ ಎರಡು ಏಟು ಬಿತ್ತು, ನದಿಯೂ ತಪ್ಪಿತು. ಅಪ್ಪ ಇರುವವರೆಗೆ ಕೊಟ್ಟ ಮಾತಿಗೆ ಕಟ್ಟುಬಿದ್ದಳು. ಆಮೇಲೆ, ಇನ್ನು ಯಾರು ನಂಬುತ್ತಾರೆ ಎಂದು ನುಂಗಿಕೊಂಡಳು.

ಮಗಳು ಚಪ್ಪಲಿ ಬಿಟ್ಟು ನೀರಿನತ್ತ ಎರಡು ಹೆಜ್ಜೆ ಇಟ್ಟಿದ್ದಳು. ತಾಯಿಗೆ ಜೀವ ಬಂದಂತಾಯಿತು.

"ನೀನು ಬೇಡಮ್ಮ," ಎಂದ ಅಣ್ಣ ನಗುತ್ತ. "ನಿಮ್ಮಮ್ಮನ ಮಗಳಲ್ವಾ, ಗುಂಡುಕಲ್ಲಿನ ಥರ ನೇರ ತಳಕ್ಕೆ ಹೋಗ್ತೀಯ. ಕೂತ್ಕೊಂಡು ಚಪ್ಪಲಿ ನೋಡ್ಕೋ, ಜಾಣೆ."

ಹುಡುಗಿ ಹಿಂದಿರುಗಿದಳು. ಅಳಲಿಲ್ಲ, ಮುಖ ಸಿಂಡರಿಸಲಿಲ್ಲ. ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಚಪ್ಪಲಿಗಳನ್ನು ಒಂದೊಂದೇ ಜೋಡಿಸತೊಡಗಿದಳು. ಮಾವನ ಎಡಗಾಲಿನದಕ್ಕೆ ಅಂಟಿದ್ದ ಮಣ್ಣನ್ನು ಬೆರಳಿಂದ ಕೆರೆದು ತೆಗೆದಳು.

ಇವಳು ಅದನ್ನು ನೋಡಿದಳು. ತನ್ನ ಪಾಲಿನದನ್ನು ಹೇಗೋ ನುಂಗಿದ್ದಳು, ಇದು ಗಂಟಲಲ್ಲಿ ಇಳಿಯಲಿಲ್ಲ. ಎದ್ದು ನಿಂತಳು.

"ಅಣ್ಣ, ಟೋಪಿ ತೆಗಿ."

"ಯಾಕೆ, ಬಿಸಿಲು..."

"ತೆಗಿ ಅಂದೆ."

ಅವನು ತೆಗೆಯಲಿಲ್ಲ. ಇವಳೇ ಕಿತ್ತು ತೆಗೆದಳು. ಎಡಗಿವಿಯ ಮೇಲೆ ಹೆಬ್ಬೆರಳಗಲದ ಬೋಳು ಕಲೆ, ಕೂದಲು ಚರ್ಮ ಸಮೇತ ಕಿತ್ತುಬಂದಿದ್ದ ಜಾಗ.

"ಇದು ಹೇಗಾಯ್ತು ಅಂತ ಮಕ್ಕಳಿಗೆ ಹೇಳು."

"ಸೈಕಲ್ಲಿಂದ ಬಿದ್ದಿದ್ದು," ಎಂದ ದೊಡ್ಡ ಹುಡುಗ, ಕೇಳಿಕೊಂಡು ಬಂದ ಪಾಠ ಒಪ್ಪಿಸುವವನಂತೆ.

"ಸೈಕಲ್ಲೂ ಇಲ್ಲ, ಗೀಕಲ್ಲೂ ಇಲ್ಲ. ಮುಳುಗಿದ್ದು ನಿಮ್ಮಪ್ಪ. ಎಳೆದು ಹಾಕಿದ್ದು ನಾನು."

ಅಣ್ಣ ನಗಲು ನೋಡಿದ. "ಇಷ್ಟು ವರ್ಷ ಆದ್ಮೇಲೆ ಏನೇ ಇದು? ಅಮ್ಮ, ನೀನಾದ್ರೂ ಹೇಳು."

ಕಲ್ಲಿನ ಮೇಲೆ ಕೂತು ನೀರಲ್ಲಿ ಕಾಲು ಬಿಟ್ಟಿದ್ದ ಅಮ್ಮ ತಲೆ ಎತ್ತಲಿಲ್ಲ.

"ಅವಳು ಹೇಳ್ತಿರೋದೇ ನಿಜ. ಅವತ್ತು ಮುಷ್ಟಿ ಬಿಗಿಹಿಡ್ಕೊಂಡೇ ಮಲಗಿಬಿಟ್ಟಿದ್ಲು. ಬಿಡಿಸಿದವಳು ನಾನೇ. ಒಳಗೆ ನಿನ್ನ ಕೂದಲಿತ್ತು. ಕೈ ತೊಳೆದು ಸುಮ್ಮನಾದೆ."

ಇವಳಿಗೆ ಅಣ್ಣನ ಮೇಲಿದ್ದ ಸಿಟ್ಟು ಆ ಕ್ಷಣ ತೀರಾ ಸಣ್ಣದಾಗಿ ಕಂಡಿತು.

"ಗೊತ್ತಿತ್ತಾ ನಿನಗೆ?"

"ಗಂಡು ಹುಡುಗ, ತಂಗಿ ಕೈಲಿ ಉಳಿದ ಅಂದ್ರೆ ಜನ ಆಡ್ಕೊಳ್ಳಲ್ವಾ? ನೀನು ಗಟ್ಟಿ ಇದ್ದೆ. ತಡ್ಕೋತೀಯ ಅಂದ್ಕೊಂಡೆ."

"ತಡ್ಕೊಂಡೆ. ಅದಕ್ಕೇ ಈಗ ನನ್ನ ಮಗಳು ಚಪ್ಪಲಿ ಒರೆಸ್ತಿದ್ದಾಳೆ."

ಇವಳು ಉತ್ತರಕ್ಕೆ ಕಾಯಲಿಲ್ಲ. ಚಪ್ಪಲಿಗಳನ್ನೆಲ್ಲ ಬಾಚಿ ತಬ್ಬಿಕೊಂಡು, ತನ್ನವನ್ನೂ ಬಿಟ್ಟು ಸೇರಿಸಿ, ಏಳು ಜೊತೆಯನ್ನೂ ಅಣ್ಣನ ಕಾಲಬುಡದಲ್ಲಿ ಸುರಿದಳು.

"ಕೂತ್ಕೋ. ನಾಯಿ ಬರುತ್ತೆ."

ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ಬೇರೆಡೆ ನೋಡಿದಳು. ಅವನು ಕೂತ.

ಇವಳು ಮಗಳ ಕೈ ಹಿಡಿದು, ಹಾಕಿದ ಬಟ್ಟೆಯಲ್ಲೇ ನೀರಿಗಿಳಿದಳು. ಮಗಳ ಸೊಂಟದವರೆಗೆ ನೀರು ಬಂದಾಗ ನಿಲ್ಲಿಸಿ, "ಇಲ್ಲೇ ನಿಂತು ನೋಡ್ತಿರು," ಎಂದು ತಾನು ಮುಂದೆ ಹೋದಳು. ಮೊದಲ ನಾಲ್ಕು ಬಡಿತಕ್ಕೆ ಮೂಗಿನೊಳಗೆ ನೀರು ನುಗ್ಗಿತು, ಕೆಮ್ಮಿದಳು, ಕಾಲು ಬಟ್ಟೆಗೆ ಸಿಕ್ಕಿಕೊಂಡಿತು. ಐದನೆಯದಕ್ಕೆ ಮೈ ತಾನಾಗಿ ತೇಲಿತು. ಬಂಡೆ ಮುಟ್ಟಿ ತಿರುಗಿದಳು. ಮಗಳು ಕೆನ್ನೆಯುಬ್ಬಿಸಿ ಮುಖವನ್ನು ನೀರಲ್ಲಿ ಅದ್ದಿ ತೆಗೆಯುತ್ತಿದ್ದಳು.

"ಅಮ್ಮ, ಚೀಟಿ ಇನ್ನೂ ನಿನ್ನ ಚೀಲದಲ್ಲೇ ಇದೆಯಾ?" ಎಂದು ಕೂಗಿದಳು.

"ಇದೆ ಕಣೇ."

ದಡಕ್ಕೆ ಬಂದಾಗ ಅಮ್ಮ ಟವೆಲ್ ಬಿಚ್ಚಿ ಹಿಡಿದು ನಿಂತಿದ್ದಳು. ಇವಳು ಅದನ್ನು ತೆಗೆದುಕೊಂಡು ಮಗಳಿಗೆ ಸುತ್ತಿದಳು. ತಾನು ಹೋಗಿ ಬಿಸಿಲಲ್ಲಿ ನಿಂತಳು, ಅಮ್ಮನಿಗೆ ಬೆನ್ನು ಹಾಕಿ.