ಸಡಿಲ ಹೊಲಿಗೆ

ಕಬ್ಬಿಣದ ಕೆಲಸದವರ ಬಟ್ಟೆ ಒಗೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಅಂಗಿಯನ್ನು ಹಾಗೇ ಅಂಗಳದಲ್ಲಿ ಜಾಡಿಸಬೇಕು, ಆಮೇಲೆ ಬರೀ ನೀರಿನಲ್ಲಿ ನೆನೆಹಾಕಬೇಕು. ಸೋಪು ಮೊದಲೇ ಹಾಕಿದರೆ ಕಬ್ಬಿಣದ ಪುಡಿ ನೂಲಿಗೆ ಕಚ್ಚಿಕೊಂಡು ತುಕ್ಕಿನ ಕಲೆಯಾಗಿ ಉಳಿಯುತ್ತದೆ. ನೆನೆಹಾಕಿದ ನೀರು ಸ್ವಲ್ಪ ಹೊತ್ತಿಗೆಲ್ಲ ಕಪ್ಪಾಗುತ್ತದೆ, ಬಕೆಟ್ಟಿಗೆ ಕೈ ಹಾಕಿದರೆ ಕೈ ಕಾಣುವುದಿಲ್ಲ. ಅದನ್ನು ಚೆಲ್ಲಿ, ಮತ್ತೆ ನೆನೆಹಾಕಿ, ಆಮೇಲೆ ಸೋಪು. ನನ್ನ ಗಂಡನ ಬಟ್ಟೆ ಹೀಗೇ ಒಗೆದೆ. ಅವರು ಹೋದ ಮೇಲೆ ಇಬ್ಬರು ಗಂಡುಮಕ್ಕಳ ಬಟ್ಟೆಯನ್ನೂ ಹೀಗೇ ಒಗೆದೆ. ಇಬ್ಬರೂ ಒಂದೇ ಶೆಡ್ಡಿನಲ್ಲಿ ವೆಲ್ಡರುಗಳು. ಗೇಟು, ಕಿಟಕಿಯ ಸರಳು, ನೀರಿನ ಟ್ಯಾಂಕು, ಏನು ಬಂದರೆ ಅದು.

ದೊಡ್ಡವನಿಗೆ ಶೆಡ್ಡಿನವರು ಆಮೆ ಎಂದು ಹೆಸರಿಟ್ಟಿದ್ದರು. ತೊಗಲಿನ ಕೋಟು, ಮೊಣಕೈ ತನಕ ಕೈಗವಸು, ಮುಖಕ್ಕೆ ಮುಚ್ಚಳ, ಕತ್ತಿನ ತನಕ ಗುಂಡಿ ಹಾಕಿದ ಹತ್ತಿ ಅಂಗಿ. ಪ್ಯಾಂಟಿನ ಕಾಲನ್ನು ಬೂಟಿನೊಳಗೆ ತುರುಕುತ್ತಿರಲಿಲ್ಲ, ಮೇಲೆ ಇಳಿಬಿಡುತ್ತಿದ್ದ. ಒಳಗೆ ತುರುಕಿದರೆ ಕಿಡಿ ಬೂಟಿನೊಳಕ್ಕೆ ಇಳಿಯುತ್ತದಂತೆ. ಚಿಕ್ಕವನು ಇದೆಲ್ಲದಕ್ಕೆ ತದ್ವಿರುದ್ಧ. ಅರ್ಧ ತೋಳಿನ ಅಂಗಿ, ಎದೆ ಬಿಚ್ಚಿದ್ದು. ಅವನ ಮುಂಗೈ ತುಂಬ ಬಾಣಲೆಯ ಎಣ್ಣೆ ಸಿಡಿದ ಹಾಗೆ ಚುಕ್ಕಿ ಚುಕ್ಕಿ ಕಲೆ.

"ಅಣ್ಣ ಕೆಲಸಕ್ಕೆ ಹೊರಡೋದು ನೋಡಿದ್ರೆ ಯಾವುದೋ ರಾಜ್ಯ ಗೆಲ್ಲೋಕೆ ಹೊರಟ ಹಾಗಿರುತ್ತೆ," ಎಂದು ಚಿಕ್ಕವನು ರೇಗಿಸುತ್ತಿದ್ದ.

"ನಿನ್ನ ಚರ್ಮ ಬಿಟ್ಟಿ ಬಂದಿದ್ದು. ನಂದು ನಾನು ಜೋಪಾನ ಮಾಡ್ಕೊಂಡಿದ್ದು," ಎನ್ನುತ್ತಿದ್ದ ದೊಡ್ಡವನು, ಗುಂಡಿ ಹಾಕಿಕೊಳ್ಳುತ್ತ.

ದೊಡ್ಡವನಿಗೆ ಮಗಳು ಹುಟ್ಟಿದಳು. ಮಗು ತೆವಳುವ ಹೊತ್ತಿಗೆ, ಒಂದು ಸಂಜೆ ಅಪ್ಪ ಎತ್ತಿಕೊಂಡಾಗ ಅವನ ಅಂಗಿಯಿಂದ ಕಬ್ಬಿಣದ ಪುಡಿ ಉದುರಿ ಅದರ ಕಣ್ಣಿಗೆ ಬಿತ್ತು. ಮಗು ಅತ್ತೂ ಅತ್ತೂ ಕಣ್ಣು ಕೆಂಡದ ಹಾಗಾಯಿತು. ಅವತ್ತಿನಿಂದ ಸೊಸೆ ಕಟ್ಟುನಿಟ್ಟು ಮಾಡಿದಳು.

"ಆ ಪುಡಿ ಮೈಮೇಲೆ ಇಟ್ಕೊಂಡು ಮಗೂನ ಮುಟ್ಟೋ ಹಾಗಿಲ್ಲ. ಹೇಳಿದೀನಿ."

ಅದಾದ ಸ್ವಲ್ಪ ಕಾಲಕ್ಕೆ ನನ್ನ ಬಕೆಟ್ಟಿನ ನೀರು ಬದಲಾಯಿತು. ದೊಡ್ಡವನ ಅಂಗಿ ನೆನೆಹಾಕಿದರೆ ನೀರು ಅಷ್ಟೇನೂ ಕಪ್ಪಾಗುತ್ತಿರಲಿಲ್ಲ. "ನೀನು ಕೆಲಸ ಮಾಡ್ತೀಯೋ, ನೆರಳಲ್ಲಿ ಕೂತು ಎದ್ದು ಬರ್ತೀಯೋ?" ಎಂದು ಕೇಳಿದೆ.

ಅವನು ನಕ್ಕ. "ಗಾಳಿ ಹೊಡ್ಕೊಂಡು ಬರ್ತೀನಮ್ಮ. ಪೈಪ್ ಹಿಡಿದ್ರೆ ಪುಡಿ ಎಲ್ಲ ಹಾರಿ ಹೋಗುತ್ತೆ. ಇವಳ ಕೈಲಿ ಬೈಸ್ಕೊಳೋ ಹಾಗಿಲ್ಲ."

ಕಬ್ಬಿಣ ಕತ್ತರಿಸುವುದಕ್ಕೆ ಶೆಡ್ಡಿನಲ್ಲಿ ಆಕ್ಸಿಜನ್ ಸಿಲಿಂಡರು ಇರುತ್ತದೆ. ಅದರ ಪೈಪನ್ನು ಮೈಗೆ ಹಿಡಿದು ಪುಡಿ ಹಾರಿಸಿಕೊಳ್ಳುವುದು ಅಲ್ಲಿ ಬಹಳ ಜನರ ರೂಢಿ. ದಿನದ ಕೊನೆಗೆ ಕೈ ತೊಳೆದ ಹಾಗೆ. ಅದನ್ನು ಎಲ್ಲರೂ ಗಾಳಿ ಎಂದೇ ಕರೆಯುತ್ತಿದ್ದರು. ಗಾಳಿ ಅಂದರೆ ಯಾರಿಗೆ ಏನು ಭಯ?

ಬೇಸಿಗೆ ಬಂತು. ತಗಡಿನ ಸೂರಿನ ಕೆಳಗೆ ಕೋಟು ಹಾಕಿಕೊಂಡು ಒಂದು ದೊಡ್ಡ ಟ್ಯಾಂಕಿಗೆ ಬೆಸುಗೆ ಹಾಕುತ್ತಿದ್ದ ದೊಡ್ಡವನಿಗೆ ಮಧ್ಯಾಹ್ನ ತಡೆಯಲಾಗದಷ್ಟು ಸೆಕೆಯಾಯಿತು. ಬೇರೆಯವರಾಗಿದ್ದರೆ ಕೋಟು ಬಿಚ್ಚಿ ಎಸೆಯುತ್ತಿದ್ದರು. ಅವನು ಆಮೆ, ಬಿಚ್ಚುವವನಲ್ಲ. ಪೈಪಿನ ತುದಿಯನ್ನು ಕತ್ತಿನ ಹತ್ತಿರ ಕೋಟಿನೊಳಗೆ ಇಟ್ಟು, ತಂಪಾಗುವ ತನಕ ಗಾಳಿ ಬಿಟ್ಟುಕೊಂಡ. ಆಮೇಲೆ ಕತ್ತಿನ ಗುಂಡಿ ಹಾಕಿಕೊಂಡು, ಮುಖಕ್ಕೆ ಮುಚ್ಚಳ ಇಳಿಸಿಕೊಂಡು ಕೆಲಸಕ್ಕೆ ಬಗ್ಗಿದ. ಒಂದು ಕಿಡಿ ಒಳಗೆ ಹೋಯಿತು.

ಚಿಕ್ಕವನು ಪಕ್ಕದಲ್ಲೇ ಇದ್ದ. ಕೋಟು ಕಿತ್ತವನು ಅವನೇ, ಅವನ ಬೆರಳುಗಳೂ ಸುಟ್ಟವು. "ಒಂದೇ ಉಸಿರಿಗೆ ಹತ್ಕೊಂತು ಅಮ್ಮ. ಅಂಥ ಬಿಳೀ ಬೆಂಕಿ ನಾನು ನೋಡಿಲ್ಲ. ಕೋಟಿನ ಪಟ್ಟಿ ಬಿಚ್ಚೋಕೇ ಬರ್ಲಿಲ್ಲ," ಎಂದಷ್ಟೇ ಹೇಳಿದ.

ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಎದೆಗೂ ಕತ್ತಿಗೂ ಹಾಕಿದರು. ಗಾಯ ಮಾಯುತ್ತಾ ಮಾಯುತ್ತಾ ಚರ್ಮ ಬಿಗಿಯಿತು. ಗದ್ದ ಎಡಭುಜದ ಕಡೆಗೆ ಎಳೆದುಕೊಂಡಿತು, ಎಡಗೈ ಕಂಕುಳಿಂದ ಮೇಲೆ ಏಳದಾಯಿತು. ಕಲೆ ಉಬ್ಬದಿರಲೆಂದು ಹಗಲೂ ರಾತ್ರಿ ತೊಡಲು ಒಂದು ಬಿಗಿ ಬನಿಯನ್ನು ಕೊಟ್ಟರು. ಅದನ್ನು ತೊಡಿಸುವಷ್ಟರಲ್ಲಿ ಸೊಸೆ ಬೆವರುತ್ತಿದ್ದಳು.

"ಆಮೆಗೆ ಹೊಸ ಚಿಪ್ಪು," ಎಂದ ಅವನು ಮೊದಲ ದಿನ. ಯಾರೂ ನಗಲಿಲ್ಲ. ಆಮೇಲೆ ಅವನೂ ಹೇಳಲಿಲ್ಲ.

ಅವನು ಮನೆಗೆ ಬಂದಾಗ ಮಗು ನಡೆಯುತ್ತಿತ್ತು. ಅಪ್ಪನನ್ನು ನೋಡಿ ನನ್ನ ಸೀರೆಯೊಳಗೆ ಮುಖ ಮುಚ್ಚಿಕೊಂಡಿತು. "ಅಭ್ಯಾಸ ಆಗುತ್ತೆ ಬಿಡು," ಎಂದೆ. ಆಗಲಿಲ್ಲ. ಅವನು ಆಟಿಕೆ ಚಾಚಿದರೆ, ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿಯುವ ತನಕ ಕಾದು, ಆಮೇಲೆ ಹೋಗಿ ತೆಗೆದುಕೊಳ್ಳುತ್ತಿತ್ತು. ಅದಕ್ಕೆ ಈಗ ಚಿಕ್ಕಪ್ಪನೇ ಎಲ್ಲ.

ಆಸ್ಪತ್ರೆಯ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು: ಅದು ಬರೀ ಗಾಳಿಯಲ್ಲ. ಬಟ್ಟೆ ಅದನ್ನು ಕುಡಿದುಕೊಳ್ಳುತ್ತದೆ, ಹಾಗೆ ಕುಡಿದ ಬಟ್ಟೆಗೆ ಕಿಡಿ ಸೋಕಿದರೆ ಆರಿಸುವುದಕ್ಕೆ ಸಮಯವೇ ಸಿಗುವುದಿಲ್ಲ. ಮೇಲೆ ಹಿಡಿದರೂ ಅಪಾಯವೇ, ಒಳಗೆ ಬಿಟ್ಟುಕೊಂಡರಂತೂ ಕೇಳುವುದೇ ಬೇಡ. ಸೊಸೆ ಗೋಡೆ ನೋಡುತ್ತ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ, "ಅತ್ತೆ, ಪುಡಿ ಮುಟ್ಟಿಸಬೇಡಿ ಅಂದವಳು ನಾನು," ಎಂದಳು. ಅವಳ ಕೈ ಹಿಡಿದುಕೊಂಡು ರಸ್ತೆ ದಾಟಿಸಿದೆ.

ಶೆಡ್ಡಿನವರು ಮಾತ್ರ ಬೇರೆಯೇ ಪಾಠ ಕಲಿತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಚಿಕ್ಕವನು ಹೇಳಿದ. "ಈಗ ಯಾರೂ ಕೋಟು ಹಾಕಲ್ಲ ಅಣ್ಣ. ಎಲ್ಲ ಗೋಡೆ ಮೇಲೆ ನೇತಾಡ್ತಿವೆ. ಅಷ್ಟು ಹೊದ್ಕೊಂಡಿದ್ದಕ್ಕೇ ಆಮೆ ಸುಟ್ಟ, ನಮ್ಮ ಹಾಗೆ ಬರೀ ಅಂಗೀಲಿದ್ದಿದ್ರೆ ಹರಿದು ಬಿಸಾಕಬಹುದಿತ್ತು ಅಂತಾರೆ ಮೇಸ್ತ್ರಿ."

ದೊಡ್ಡವನ ತುತ್ತು ಅಲ್ಲೇ ನಿಂತಿತು. "ಗಾಳಿ?"

"ಅದು ನಡೀತಾ ಇದೆ."

"ನೀನೂ?"

ಚಿಕ್ಕವನು ತಟ್ಟೆ ನೋಡಿದ. ದೊಡ್ಡವನು ಊಟ ಬಿಟ್ಟ. "ನಾಳೆ ನನ್ನ ಅಲ್ಲಿಗೆ ಕರ್ಕೊಂಡು ಹೋಗು. ನಾನೇ ಹೇಳ್ತೀನಿ. ಇನ್ನೇನು ಮಾಡೋಕೆ ಆಗದಿದ್ರೂ ಇದೊಂದು ಆಗಲಿ."

ಜೊತೆಗೆ ನಾನೂ ಹೋದೆ. ನಮ್ಮನ್ನು ಕಂಡ ಕೂಡಲೇ ಶೆಡ್ಡಿನ ಸದ್ದೆಲ್ಲ ನಿಂತಿತು. ಎಲ್ಲರೂ ಅವನ ಕಾಲನ್ನೋ ನನ್ನ ಮುಖವನ್ನೋ ನೋಡಿದರು, ಅವನ ಮುಖ ನೋಡಲಿಲ್ಲ. ಮೇಸ್ತ್ರಿ, ನನ್ನ ಗಂಡನ ಕಾಲದವರು, "ಬಾರಪ್ಪ ಆಮೆ, ಬಾ. ಬನ್ನಿ ತಾಯಿ. ಏಯ್, ಕುರ್ಚಿ ತಗೊಂಡು ಬಾ," ಎಂದರು. ಗ್ರೈಂಡಿಂಗ್ ಮಾಡುವ ದಪ್ಪ ಮೀಸೆಯವನು ಕುರ್ಚಿ ತಂದ. ಅದರ ಮೇಲೆ ಪುಡಿ ಕೂತಿತ್ತು. ಗೌರವಕ್ಕೆ ಎಂದು ಅವನು ಕೈಗೆ ಸಿಕ್ಕ ಪೈಪು ಎಳೆದು, ಸುಯ್ಯೆಂದು ಕುರ್ಚಿಗೆ ಹಿಡಿದ.

"ನಿಲ್ಲಿಸು," ಎಂದ ದೊಡ್ಡವನು.

ಮೀಸೆಯವನಿಗೆ ಅರ್ಥವಾಗಲಿಲ್ಲ. ಪಾಪ, ಇನ್ನೂ ಚೆನ್ನಾಗಿ ಒರೆಸಬೇಕೇನೋ ಎಂದುಕೊಂಡು ತನ್ನ ಅಂಗಿಯ ಚುಂಗಿನಿಂದಲೇ ಕುರ್ಚಿ ಒರೆಸಿದ.

ದೊಡ್ಡವನು ಕೂತು ಹೇಳಿದ. ಡಾಕ್ಟರು ಹೇಳಿದ್ದನ್ನೆಲ್ಲ ತನ್ನ ಮಾತಿನಲ್ಲಿ, ನಿಧಾನವಾಗಿ. ಕತ್ತು ಎಳೆಯುವುದರಿಂದ ಅವನ ಕೆಳತುಟಿ ಪೂರಾ ಮುಚ್ಚುವುದಿಲ್ಲ, ಕೆಲವು ಅಕ್ಷರಗಳು ಜಾರುತ್ತವೆ. ಎಲ್ಲರೂ ತಲೆ ಆಡಿಸಿದರು. ಆ ತಲೆ ಆಡಿಸುವಿಕೆ ನನಗೆ ಗೊತ್ತು. ಸಾವಿನ ಮನೆಯಲ್ಲಿ ಏನು ಹೇಳಿದರೂ ಹಾಗೆ ಆಡಿಸುತ್ತಾರೆ.

ಅವನಿಗೂ ಗೊತ್ತಾಯಿತು. ತನ್ನ ಸುಟ್ಟ ಕೋಟು ಎಲ್ಲಿ ಎಂದು ಕೇಳಿದ. ಮೂಲೆಯಲ್ಲಿ ಬಿದ್ದಿತ್ತು, ಒಂದು ತೋಳು ಮಾತ್ರ ಪೂರ್ತಿ ಉಳಿದಿತ್ತು. ಅದನ್ನು ಕತ್ತರಿಸಿ ಬಯಲಿಗೆ ತೆಗೆದುಕೊಂಡು ಹೋಗಿ, ಒಳಗೆ ಹತ್ತಿ ಚಿಂದಿ ತುರುಕಿ, ಗಾಳಿ ತುಂಬಿಸಿ, ಪೈಪನ್ನು ದೂರ ಇಟ್ಟು, ಉದ್ದನೆಯ ಸರಳಿನ ತುದಿಗೆ ಉರಿಯುವ ಚಿಂದಿ ಕಟ್ಟಿ ಮುಟ್ಟಿಸಲು ಚಿಕ್ಕವನಿಗೆ ಹೇಳಿದ. ಚಿಕ್ಕವನು ಮುಖ ಆ ಕಡೆ ತಿರುಗಿಸಿಕೊಂಡು ಮುಟ್ಟಿಸಿದ. ತೋಳು ಭುಸ್ಸೆಂದು ಬೆಳ್ಳಗೆ ಉರಿದು, ನೋಡುನೋಡುತ್ತಲೇ ಮುದುಡಿ ಕರಕಲಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ವಾಸನೆಗೆ ಏನು ಮುಚ್ಚಿಕೊಳ್ಳಲಿ?

ಮೀಸೆಯವನು, "ನೋಡಿದ್ರಾ ಮೇಸ್ತ್ರಿ, ಏನು ಕೋಟು ಇದು. ತೊಗಲು ಉರಿಯಲ್ಲ ಅಂತ ಹೇಳಿ ತಲೆಗೆ ಕಟ್ಟಿದ್ರು," ಎಂದ.

"ತೊಗಲಲ್ಲಪ್ಪ. ಗಾಳಿ," ಎಂದ ದೊಡ್ಡವನು.

"ಹೌದು ಹೌದು, ಗಾಳೀನೂ ಇತ್ತಲ್ಲ. ಒಳಗೆ ಸೇರ್ಕೊಂಡಿತ್ತು. ನಮ್ದು ತೆಳು ಅಂಗಿ, ಅದರಲ್ಲಿ ಎಲ್ಲಿ ನಿಲ್ಲುತ್ತೆ?"

ಮೇಸ್ತ್ರಿ ದೊಡ್ಡವನ ಸರಿಯಿದ್ದ ಭುಜದ ಮೇಲೆ ಕೈ ಇಟ್ಟರು. "ನೀನು ಹೇಳಿದ್ದು ಸರಿ ಮಗು. ನಾವೆಲ್ಲ ಹುಷಾರಾಗಿರ್ತೀವಿ. ನೀನು ಆಯಾಸ ಮಾಡ್ಕೋಬೇಡ. ಟೀ ಕುಡಿ."

ಟೀ ಕುಡಿದು ಬಂದೆವು. ದಾರಿಯಲ್ಲಿ ಅವನು ಒಂದೇ ಮಾತು ಹೇಳಿದ್ದು, ತಮ್ಮನಿಗೆ. "ಅವರು ಹಾಳಾಗಿ ಹೋಗಲಿ. ನೀನು ಬಿಡು."

"ಬಿಟ್ಟೆ ಅಣ್ಣ," ಎಂದ ಚಿಕ್ಕವನು.

ಬಿಟ್ಟ, ಸುಳ್ಳಲ್ಲ. ಬಕೆಟ್ಟಿನ ನೀರು ಮತ್ತೆ ಮಸಿಯಂತಾಯಿತು. ನಾನು ಆ ನೀರು ಚೆಲ್ಲುವಾಗ ಹಗುರಾಗುತ್ತಿದ್ದೆ. ಆದರೆ ಸಂಜೆ ಆಗುತ್ತಲೇ ಮಗು ಬಾಗಿಲಲ್ಲಿ ನಿಂತು, ಚಿಕ್ಕಪ್ಪ ಕಂಡ ಕೂಡಲೇ ಎರಡೂ ಕೈ ಚಾಚುತ್ತಿತ್ತು. ಅವನು ಕೈ ಹಿಂದೆ ಕಟ್ಟಿಕೊಂಡು, "ಇರು ಚಿನ್ನ, ಮೈ ತೊಳ್ಕೊಂಡು ಬಂದೆ," ಎಂದು ಗೋಡೆಯ ಬದಿಗೆ ಸರಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದ. ಮಗುವಿಗೆ ಅದು ತಿಳಿಯುತ್ತದೆಯೇ? ಅಪ್ಪನ ಹತ್ತಿರ ತಾನು ಹೋಗುವುದಿಲ್ಲ, ಚಿಕ್ಕಪ್ಪ ತನ್ನನ್ನು ಮುಟ್ಟುವುದಿಲ್ಲ. ನೆಲಕ್ಕೆ ಬಿದ್ದು ಉಸಿರು ಕಟ್ಟುವ ಹಾಗೆ ಅಳುತ್ತಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದೊಡ್ಡವನು ಕೂತು ಅದನ್ನು ಕೇಳುತ್ತಿದ್ದ. ಎತ್ತಿಕೊಳ್ಳಲು ಎದ್ದರೆ ಅಳು ಇನ್ನೂ ಜೋರಾಗುತ್ತಿತ್ತು.

ಒಂದು ಸಂಜೆ ಚಿಕ್ಕವನು ಬಂದವನೇ ಬಾಗಿಲಲ್ಲೇ ಮಗುವನ್ನು ಎತ್ತಿ ಮೇಲಕ್ಕೆ ಹಾರಿಸಿದ. ಮಗು ಕೇಕೆ ಹಾಕಿತು. ಸೊಸೆ ಅಡುಗೆಮನೆಯಿಂದ ಇಣುಕಿ, ಎಷ್ಟೋ ಕಾಲದ ಮೇಲೆ ಮುಖ ಅರಳಿಸಿದಳು. ಆಮೇಲೆ ಆ ಮುಖ ಹಾಗೇ ಬಾಡಿತು. ಅಂಗಿಯ ಮೇಲೆ ಒಂದು ಚೂರೂ ಪುಡಿಯಿರಲಿಲ್ಲ.

ಮಾರನೆಯ ಬೆಳಿಗ್ಗೆ ಆ ಅಂಗಿ ನೆನೆಹಾಕಿದೆ. ಕಸ ಗುಡಿಸಿ ಬಂದು ನೋಡಿದೆ, ನೀರು ತಿಳಿಯಾಗಿತ್ತು. ದೊಡ್ಡವನು ಕಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಹಿತ್ತಲಿಗೆ ಬಂದವನು ನನ್ನ ಪಕ್ಕ ನಿಂತ.

"ಚಿಕ್ಕವನದ್ದಾ?"

"ಹೂಂ."

ಅವನು ಸರಿಯಿದ್ದ ಕೈಯನ್ನು ನೀರಿಗೆ ಇಳಿಸಿದ. ಬೆರಳಿನ ಉಗುರು ಸಹ ಕಾಣುತ್ತಿತ್ತು.

ಚಿಕ್ಕವನನ್ನು ಕರೆದೆ. ಅವನು ತಲೆ ಬಾಚಿಕೊಳ್ಳುತ್ತಲೇ ಬಂದು, ಬಕೆಟ್ಟು ನೋಡಿ, ಬಾಚಣಿಗೆ ಜೇಬಿಗೆ ಹಾಕಿಕೊಂಡ.

"ಮೇಲೆ ಮೇಲೆ ಹಿಡೀತೀನಿ ಅಣ್ಣ, ಅಷ್ಟೇ. ಒಳಗೆ ಬಿಟ್ಕೊಳಲ್ಲ. ಹಿಡಿದ ಮೇಲೆ ಬೆಸುಗೆ ಮುಟ್ಟಲ್ಲ, ನೇರ ಮನೆಗೆ ಬರ್ತೀನಿ."

"ಪಕ್ಕದವನು ಗ್ರೈಂಡರ್ ಹಾಕಿ ಕಿಡಿ ಹಾರಿಸ್ತಿರಲ್ವಾ?"

"ದೂರ ನಿಲ್ತೀನಿ."

"ಎಷ್ಟು ದೂರ? ಆ ಶೆಡ್ಡಲ್ಲಿ ದೂರ ಅನ್ನೋದು ಎಲ್ಲಿದೆ ಹೇಳು."

ಒಳಗೆ ಮಗು ಎದ್ದು "ಚಿಕ್ಕಪ್ಪ" ಎಂದು ಕೂಗಿತು. "ಅದು ಅಳೋದು ನನಗೆ ನೋಡೋಕಾಗಲ್ಲ," ಎಂದು ಚಿಕ್ಕವನು ಒಳಗೆ ಹೋದ. ಅಳಿಸುತ್ತಿರುವುದು ಯಾರು ಎಂಬುದು ದೊಡ್ಡವನಿಗೂ ಗೊತ್ತಿತ್ತು.

ಬೇರೆ ಶೆಡ್ಡು ನೋಡು ಎಂದೆ ಚಿಕ್ಕವನಿಗೆ. ನೋಡಿದ. ಅಲ್ಲಿಯೂ ಸಿಲಿಂಡರು, ಅಲ್ಲಿಯೂ ಅದೇ ರೂಢಿ. ಸೊಸೆ ಬೇಡಿಕೊಂಡಳು, ನಾನು ಬೈದೆ. ಸ್ವಲ್ಪ ದಿನ ನೀರು ಕಪ್ಪಗಿರುತ್ತದೆ, ಮತ್ತೆ ತಿಳಿಯಾಗುತ್ತದೆ.

ಒಂದು ಮಧ್ಯಾಹ್ನ ದೊಡ್ಡವನು ತಮ್ಮನ ಅಂಗಿಗಳನ್ನೆಲ್ಲ ತಂದು ನನ್ನ ಮಡಿಲಿಗೆ ಹಾಕಿದ.

"ಅಮ್ಮ, ಗುಂಡಿ ಕಿತ್ತು ಟಿಚ್ ಬಟನ್ ಹಾಕು. ಎಳೆದ್ರೆ ಬಿಚ್ಕೋಬೇಕು. ತೋಳಿನ ಹೊಲಿಗೆ ಬಿಚ್ಚಿ, ಒಂದೆಳೆ ದಾರದಲ್ಲಿ ಸಡಿಲವಾಗಿ ಹೊಲಿ. ಬೆನ್ನಿಗೂ."

"ಯಾಕೋ?"

"ನನ್ನ ಕೋಟು ಬಿಚ್ಚೋಕೆ ಅವನಿಗೆ ಆಗ್ಲಿಲ್ಲ. ಅವನದ್ದು ಯಾರಾದ್ರೂ ಎಳೆದ್ರೆ ಕೈಗೆ ಬರಲಿ."

ನಾನು ಅವನ ಮುಖ ನೋಡಲಿಲ್ಲ. ಸೂಜಿ ತೆಗೆದುಕೊಂಡೆ. ಹರಿಯದ ಹಾಗೆ ಹೊಲಿಯುವುದು ನನಗೆ ಬರುತ್ತದೆ, ಹರಿಯಲಿ ಎಂದು ಹೊಲಿದವಳಲ್ಲ. ಮೊದಲನೆಯ ತೋಳು ಗಟ್ಟಿಯಾಯಿತು. ದೊಡ್ಡವನು ಒಂದು ಕೈಯಲ್ಲಿ ಹಿಡಿದು, ನಾನು ಇನ್ನೊಂದು ಕಡೆ ಹಿಡಿದು ಎಳೆದು ನೋಡಿದೆವು, ಬರಲಿಲ್ಲ. ಬಿಚ್ಚಿ ಮತ್ತೆ ಹೊಲಿದೆ.

ಸೊಸೆ ಬಂದು ಪಕ್ಕದಲ್ಲಿ ಕೂತು ಇನ್ನೊಂದು ಅಂಗಿಯ ಗುಂಡಿ ಕೀಳತೊಡಗಿದಳು.

ಚಿಕ್ಕವನಿಗೆ ಯಾರೂ ಹೇಳಲಿಲ್ಲ. ಒಂದು ಸಂಜೆ ಅವನು ಬಾಗಿಲಲ್ಲಿ ಎತ್ತಿಕೊಂಡಾಗ ಮಗು ಅವನ ಅಂಗಿಯ ತೋಳು ಹಿಡಿದು ಜಗ್ಗಿತು. ತೋಳು ಪರ್ರೆಂದು ಬಿಚ್ಚಿ ಅದರ ಕೈಯಲ್ಲಿ ಉಳಿಯಿತು. ಮಗು ಬೆರಗಾಗಿ ನೋಡಿ, ಬಿದ್ದು ಬಿದ್ದು ನಕ್ಕಿತು. "ಅಮ್ಮ, ನಿನ್ನ ಹೊಲಿಗೆಗೆ ವಯಸ್ಸಾಯ್ತು," ಎಂದು ಚಿಕ್ಕವನೂ ನಕ್ಕ. ಕಿಟಕಿಯ ಪಕ್ಕ ಕೂತಿದ್ದ ದೊಡ್ಡವನು ನಗಲಿಲ್ಲ. ತೋಳು ಎಷ್ಟು ಬೇಗ ಬಂತು ಎಂದು ನೋಡುತ್ತಿದ್ದ.

ಮಗುವಿನ ಕೈಯಿಂದ ತೋಳು ಇಸಿದುಕೊಂಡು, ಅದೇ ಒಂದೆಳೆ ದಾರ ಪೋಣಿಸಿ, ಮೊದಲಿನಷ್ಟೇ ಸಡಿಲವಾಗಿ ಮತ್ತೆ ಕೂರಿಸಿದೆ.