ಮೇಸ್ತ್ರಿಯ ಎಡಗಿವಿ

"ಬೆಳಗ್ಗೆ ಬೆಳಗ್ಗೆನೇ ಏರಿಸ್ಕೊಂಡು ಏಣಿ ಹತ್ತಿದಾನೆ, ಮತ್ತಿನ್ನೇನು!" ಮೇಸ್ತ್ರಿ ಫಿಸಿಯೋಥೆರಪಿ ಕೋಣೆಯ ಸೂರು ಹಾರುವಂತೆ ಕೂಗಿದ.

"ಬಾಯಿ ಬಿಡ್ತೀನಿ, ಮೂಸಿ ನೋಡಿ ಭಾವ!" ಎಂದ ಪೇಂಟರ್.

ನಾಲ್ಕು ದಿನದಿಂದ ಇದೇ ರಗಳೆ. ಸೀಲಿಂಗಿಗೆ ಬಣ್ಣ ಹೊಡೆಯಲು ತಲೆ ಎತ್ತಿದರೆ ಸಾಕು, ಇಡೀ ಕೋಣೆ ಬುಗುರಿಯಾಗುತ್ತಿತ್ತು. ಮೊನ್ನೆ ಡಬ್ಬ ಜಾರಿ ಗಿರಾಕಿಯ ಸೋಫಾ ಹಳದಿಯಾಯಿತು. ಮೇಸ್ತ್ರಿ ಪೇಂಟರನ ಹೆಂಡತಿಯ ಅಣ್ಣನೇ ಆದರೂ, ಏಣಿ ಇಡುವ ಕೋಣೆಯ ಬೀಗದ ಕೈಯನ್ನು ಜೇಬಿಗಿಳಿಸಿ, "ಇನ್ಮೇಲೆ ಕೆಳಗೆ ಕೂತು ಗೋಡೆ ಉಜ್ಜು" ಎಂದುಬಿಟ್ಟ. ಇಪ್ಪತ್ತು ವರ್ಷ ಏಣಿಯ ಮೇಲೆ ನಿಂತವನಿಗೆ ಮೂಗು ಕೊಯ್ದು ಕೈಗೆ ಕೊಟ್ಟ ಹಾಗಾಯಿತು. ಡಾಕ್ಟರ ಚೀಟಿ ಹಿಡಿದು ಫಿಸಿಯೋಥೆರಪಿಗೆ ಬಂದರೆ, ಮೋಜು ನೋಡಲು ಭಾವನೂ ಬೆನ್ನಿಗೇ ಬಂದಿದ್ದ.

"ಜಗಳ ಮುಗೀತಾ?" ಎನ್ನುತ್ತಾ ಫಿಸಿಯೋಥೆರಪಿ ಮೇಡಂ ಪೇಂಟರನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದಂಚಿನಾಚೆ ಜೋತಿತು. ಕಣ್ಣುಗುಡ್ಡೆಗಳು ತಕಥೈ ಕುಣಿದವು.

"ಕುಡಿತ ಅಲ್ಲ. ಬಲಗಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿವೆ, ಅದಕ್ಕೇ ತಲೆಸುತ್ತು." ಕುಣಿತ ನಿಂತ ಮೇಲೆ ಅವನ ತಲೆಯನ್ನು ಎಡಕ್ಕೆ ಹೊರಳಿಸಿದರು, ಮೈಯನ್ನು ಮಗ್ಗುಲಿಗೆ ತಿರುಗಿಸಿದರು, ಎಬ್ಬಿಸಿ ಕೂರಿಸಿದರು. ಎರಡನೇ ಸಲ ಹಾಗೇ ಮಾಡಿದಾಗ ಗೋಡೆ ನಿಂತಲ್ಲೇ ನಿಂತಿತು. "ನಾಲ್ಕು ದಿನ ಬಿಟ್ಟು ಬಂದು ತೋರಿಸಿ. ಆಮೇಲೆ ಏಣಿ ಹತ್ತಿ."

"ಹರಳಂತೆ, ಮುತ್ತಂತೆ! ಎಲ್ಲಾ ನಾಟಕ," ಮೇಸ್ತ್ರಿ ಕೆರಳಿದ. "ನನ್ನ ಮಲಗಿಸಿ ನೋಡಿ. ರೆಪ್ಪೆ ಅಲುಗಿದ್ರೆ ಏಣಿ ಇವನದೇ!"

ಬಲಕ್ಕೆ ಮಲಗಿಸಿದಾಗ ಬಂಡೆಯಂತಿದ್ದು ಹಲ್ಲು ಕಿಸಿದ. ಎಡಕ್ಕೆ ಮಲಗಿಸಿದ್ದೇ ತಡ, ಕಣ್ಣು ಗಿರಗಿರ ತಿರುಗಿ, ಜೇಬಿನಿಂದ ಏನೋ ಠಣ್ಣೆಂದು ಬಿತ್ತು. "ಏಣಿ ಹಿಡ್ಕೊಳ್ರೋ, ಬಿದ್ದೆ!" ಎಂದು ಮೇಡಂ ಕೋಟಿಗೆ ಜೋತುಬಿದ್ದ.

"ನಿಮಗೂ ಇದೆ. ಎಡಗಿವಿ. ಎಷ್ಟು ದಿನದಿಂದ?"

ಮೇಸ್ತ್ರಿ ಎದ್ದು ಕೂತು ನೆಲ ನೋಡತೊಡಗಿದ. ಪೇಂಟರನಿಗೆ ಥಟ್ಟನೆ ಹೊಳೆಯಿತು: ವರ್ಷದಿಂದ ಭಾವ ಏಣಿ ಮುಟ್ಟಿಲ್ಲ. ಸೀಲಿಂಗ್ ಹೇಗಿದೆ ಅಂತ ಕೇಳಿದರೆ ನೆಲ ನೋಡಿಕೊಂಡೇ "ಚೆನ್ನಾಗಿಲ್ಲ" ಎನ್ನುತ್ತಿದ್ದ.

"ಅದಕ್ಕೇನಾ ಭಾವ, ಕೆಳಗೆ ನಿಂತೇ ಬೈಯೋದು?"

"ಐದು ನಿಮಿಷ ಮಲಗಿ, ನಿಮ್ಮದೂ ಸರಿ ಮಾಡ್ತೀನಿ," ಎಂದರು ಮೇಡಂ.

"ಇವನೆದುರು ಮಲಗೋಕೆ ನನಗೇನು ಗ್ರಹಚಾರ!" ಮೇಸ್ತ್ರಿ ಗೋಡೆ ತಡವುತ್ತಾ ಹೋಗಿ, ಮೊದಲು ಬೀರುವಿನ ಬಾಗಿಲು ತೆರೆದು, ಆಮೇಲೆ ಹೊರಬಾಗಿಲು ಸಿಕ್ಕಿ ಹೊರಟುಹೋದ.

ಪೇಂಟರ್ ತಲೆ ತಗ್ಗಿಸಿ ಮಂಚದಡಿ ನೋಡಿದ. ಏನೂ ತಿರುಗಲಿಲ್ಲ. ಅಲ್ಲಿ ಏಣಿ ಕೋಣೆಯ ಬೀಗದ ಕೈ ಬಿದ್ದಿತ್ತು. ಅದನ್ನು ಕೇಳುವುದಕ್ಕಾದರೂ ಭಾವ ಬರಬಹುದೆಂದು ಬಾಗಿಲು ನೋಡುತ್ತಾ ಕೂತ. ಬರಲಿಲ್ಲ.